ಮೊದಲ ಮದುವೆ ಮಾಡಿಸಿದೆ, ಅಕ್ಕನಿಗೆ ಒಂದು ಮಾತು ಹೇಳಬೇಕು

ಶನಿವಾರ ಕಾರವಾರದಲ್ಲಿ ಪಾಸ್ಟರ್ ಆಗಿ ಮೊದಲ ಸಲ ಮದುವೆ ಮಾಡಿಸಿದೆ. ಶಿರಸಿಯ ಹುಡುಗ, ನಮ್ಮೂರಿನ ಹುಡುಗಿ. ಮದುವೆಯ ಪ್ರಕಟಣೆಗೆ ಮೂರು ಭಾನುವಾರ ಆರಾಧನೆಯಲ್ಲಿ ಅವರ ಹೆಸರು ಓದುವಾಗ ಇರದ ಅಂಜಿಕೆ ಅವತ್ತು ಬಂತು. ದೇವಿಮನೆ ಘಟ್ಟದಲ್ಲಿ ಜೋರು ಮಳೆ, ದಿಬ್ಬಣದ ಬಸ್ಸು ತಡ, ಕಾನೂನಿನ ಪ್ರಕಾರ ಮದುವೆ ಸಂಜೆ 7ರೊಳಗೆ ಆಗಬೇಕು. 6 ಗಂಟೆಗೆ ಬಂದರು. ವಚನ, ಉಂಗುರ, ಆಶೀರ್ವಾದ ಎಲ್ಲ ಹೊತ್ತಿಗೆ ಸರಿಯಾಗಿ ಆಯಿತು. ಇಬ್ಬರು ಸಾಕ್ಷಿಗಳ ಸಹಿಯಾದ ಮೇಲೆ ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆಯುವಾಗ ಕೈ ನಡುಗಿತು.

ಸುಮಾರು ಜನ ಕೇಳಿದ್ದೀರಿ, ಮದುವೆ ಮಾಡಿಸಲು ಸರ್ಕಾರದ ಲೈಸೆನ್ಸ್ ಬೇಕಲ್ವಾ ಅಂತ. 1872ರ ಕ್ರೈಸ್ತ ವಿವಾಹ ಕಾಯ್ದೆಯ 5ನೇ ಕಲಮಿನಲ್ಲಿ ಇದೆ: ನನ್ನ ಹಾಗೆ ಬಿಷಪರಿಂದ ಪಾಸ್ಟರ್ ದೀಕ್ಷೆ ಪಡೆದವರಿಗೆ ಬೇರೆ ಲೈಸೆನ್ಸ್ ಬೇಡ. ಉಳಿದ ಪಾಸ್ಟರ್‌ಗಳು ತೆಗೆದುಕೊಳ್ಳಬೇಕು. ಇನ್ನು ಹೆಂಗಸರಿಗೆ ದೀಕ್ಷೆ ಇದೆಯಾ ಅಂದವರಿಗೆ, ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ದಶಕಗಳಿಂದಲೇ ಇದೆ.

ಮಂಗಳೂರು ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನ ಗುರುಗಳು, ಡೀಕನ್ (ಪಾಸ್ಟರ್ ಆಗುವ ಮೊದಲಿನ ಹಂತ) ಆಗಿದ್ದಾಗ ನನ್ನನ್ನು ತಿದ್ದಿದ ಹಿರಿಯ ಅಯ್ಯನವರು, ಸಭೆಯ ಹಾಡಿನ ತಂಡ, ಫೀಸಿಗೆ ಕೈಜೋಡಿಸಿದ ಶಿರಸಿಯ ಗೆಳತಿಯರು, ನಿಮಗೆಲ್ಲ ಮನಸಾರೆ ವಂದನೆ.

ಆದರೆ ಈ ಬರಹ ನಮ್ಮ ಪಕ್ಕದ ಮನೆಯ ಅಕ್ಕನಿಗಾಗಿ. ಬೈತಖೋಲ್ ಬಂದರಿನಿಂದ ಮೀನು ತಂದು ಮನೆಮನೆಗೆ ಮಾರುವ ಅಕ್ಕ.

ನಾನು ಇನ್ನೂ ಕಾಲೇಜಿನಲ್ಲಿ ಓದುತ್ತಿದ್ದಾಗ ಅಪ್ಪ ಕಾಯಿಲೆ ಬಿದ್ದರು. ಕಾಯಿಲೆ ಜೋರಾದ ರಾತ್ರಿ ನಾನು ಮಂಗಳೂರಿನ ಹಾಸ್ಟೆಲಿನಲ್ಲಿದ್ದೆ. ಮನೆಯಲ್ಲಿ ಅಪ್ಪ ಒಬ್ಬರೇ. ಕಾರವಾರದಿಂದ ಸುಮಾರು 270 ಕಿ.ಮೀ., ಆಂಬುಲೆನ್ಸಿನಲ್ಲಿ ಅಪ್ಪನ ಕೈ ಹಿಡಿದುಕೊಂಡು ಬಂದವಳು ಅಕ್ಕ. ಉಟ್ಟ ಸೀರೆಯಲ್ಲೇ ಬಂದಿದ್ದಳು, ಕೈಯಲ್ಲಿ ಅಪ್ಪನ ಚೀಲ ಮತ್ತು ಬೈಬಲ್.

ಐಸಿಯು ಬಾಗಿಲಲ್ಲಿ ಕೂತೆವು. ನನಗೆ ಪ್ರಾರ್ಥನೆ ಬರಲಿಲ್ಲ. ಇಷ್ಟು ವರ್ಷ ಅದನ್ನೇ ಓದಿದವಳು, ನಾಳೆ ಬೇರೆಯವರಿಗಾಗಿ ಪ್ರಾರ್ಥಿಸಬೇಕಾದವಳು, ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ದೇವರ ಮೇಲೆ ಸಿಟ್ಟಿತ್ತು. ಓದು ಬಿಟ್ಟು ಊರಿಗೆ ಬರ್ತೇನೆ ಅಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ, "ನಿಂಗೆ ಬರದಿದ್ರೆ ನಾ ಹೇಳ್ತೆ ತಂಗಿ. ದಿನಾ ಸಂಜೆ ನಿನ್ನ ಅಪ್ಪ ಹೇಳೂದು ಗೋಡೆ ಆಚೆಯಿಂದ ಕೇಳ್ತೆ ಅಲ್ವಾ" ಅಂದು, ಕೈ ಮುಗಿದು ಶುರು ಮಾಡಿದಳು: "ಪರಲೋಕದಲ್ಲಿರುವ ನಮ್ಮ ತಂದೆಯೇ..."

ಮನೆಯಲ್ಲಿ ಗಣಪತಿ ಕೂರಿಸುವ ಅಕ್ಕ. ಪ್ರಾರ್ಥನೆಯಲ್ಲಿ ಅನುದಿನದ ಆಹಾರ ಕೇಳುವ ಸಾಲಿಗೆ ಬಂದು ನಿಂತಳು, ಮುಂದಿನದು ಬರಲಿಲ್ಲ. ಅಲ್ಲಿಂದ ನಾನು ಹೇಳಿದೆ.

ಅಪ್ಪ ಉಳಿಯಲಿಲ್ಲ. ಅವರಿಗೆ ನನ್ನ ಬಿಳಿ ನಿಲುವಂಗಿ ನೋಡಲು ಆಗಲಿಲ್ಲ ಅನ್ನುವುದು ಇವತ್ತಿಗೂ ಎದೆಗೆ ಚುಚ್ಚುತ್ತದೆ. ಮಣ್ಣು ಮಾಡಿದ ವಾರಕ್ಕೆ ನನ್ನನ್ನು ಮಂಗಳೂರಿನ ಬಸ್ಸಿಗೆ ಹತ್ತಿಸಿದವಳೂ ಅಕ್ಕನೇ.

ಅಕ್ಕಾ, ಶನಿವಾರ ಅದೇ ಪ್ರಾರ್ಥನೆ ಹೇಳುವಾಗ ಹಿಂದಿನ ಬೆಂಚಿನಲ್ಲಿ ನಿನ್ನ ತುಟಿ ಆಡುತ್ತಿದ್ದುದನ್ನು ನೋಡಿದೆ. ಈ ಸಲ ನೀನು ಎಲ್ಲೂ ನಿಲ್ಲಲಿಲ್ಲ.