ಹುಡೇವಿನೊಳಗೆ ಮಲಗಿದ ಮುದುಕ

ವಿಜಯಪುರ

ಪ್ರೀತಿಯ ತಂಗಿ,

ಜನ ಹೇಳುವ ವಿಚಿತ್ರ ಪ್ರಾಣಿಗಳ ಬಗ್ಗೆ ನೀನು ಬರೆದ ಲೇಖನ ಎರಡು ಸಲ ಓದಿದೆ. ಹಿಮಾಲಯದ ಹಿಮಮಾನವ ಯೇತಿ, ಸ್ಕಾಟ್ಲೆಂಡಿನ ನೆಸ್ ಸರೋವರದ ಪ್ರಾಣಿ, ಹಡಗು ಮುಳುಗಿಸುವ ಕ್ರಾಕನ್, ಎಲ್ಲಾ ಬಂದಿವೆ. ಓದಿಕೊಂಡು ಬರೆದಿದ್ದೀಯ, ಅದು ಗೊತ್ತಾಗುತ್ತದೆ. ಆದರೆ ನಿಮ್ಮೂರಿನ ಹುಡೇವಿನ, ಅಂದರೆ ಹಳೆಯ ಕಾವಲು ಬುರುಜಿನ, ದೆವ್ವದ ಬಗ್ಗೆ ಒಂದೇ ಸಾಲು: 'ಇದು ಹಳ್ಳಿ ಜನರ ಮೂಢನಂಬಿಕೆ.' ಅಲ್ಲಿ ನನಗೆ ಕಸಿವಿಸಿಯಾಯಿತು. ನಿನ್ನ ವಯಸ್ಸಿನಲ್ಲಿ ನಾನೂ ಅದೇ ಸಾಲು ಬರೆದಿದ್ದೆ.

ನಮ್ಮೂರಲ್ಲೂ ಅರ್ಧ ಕುಸಿದ ಒಂದು ಹುಡೇವು ಇತ್ತು. ರಾತ್ರಿಯಾದರೆ ಒಳಗೆ ಯಾರೋ ಗೊರಕೆ ಹೊಡೆಯುವ ಸದ್ದು. 'ಹುಡೇದಾಗ ಮುದುಕ ಮಲಗ್ಯಾನ' ಅಂತ ದೊಡ್ಡವ್ವ ಹೇಳುತ್ತಿದ್ದಳು. ಬೆಳ್ಳನೆ ಮುಖವಂತೆ, ಮೂಗಿಲ್ಲವಂತೆ, ಸಪ್ಪಳ ಮಾಡದೆ ತಲೆ ಮೇಲೆ ಹಾರಿ ಹೋಗುತ್ತಾನಂತೆ. ನಾನು ಪೇಪರಿಗೆ ಬರೆದೆ: ಅಲ್ಲಿ ಏನೂ ಇಲ್ಲ, ಗಾಳಿಯ ಸದ್ದು ಅಷ್ಟೇ. ಅಚ್ಚಾದ ಮೇಲೆ ದೊಡ್ಡವ್ವನಿಗೆ ಓದಿ ಹೇಳಿದೆ. ಜೋಳ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಕೇಳಿದಳು: 'ಹಂಗಾರ ನಾ ಇಷ್ಟು ವರ್ಷ ಕೇಳಿದ್ದು ಸುಳ್ಳೇನಪಾ?'

ಉತ್ತರ ನನ್ನಲ್ಲಿ ಇರಲಿಲ್ಲ. ನಾನು ಹುಡೇವಿನ ಹತ್ತಿರಕ್ಕೂ ಹೋಗಿರಲಿಲ್ಲ.

ಮರುದಿನ ಏಣಿ ಹಾಕಿ ಹತ್ತಿದೆ. ಗೋಡೆಯ ಪೊಟರೆಯಲ್ಲಿ ಮೂರು ಮರಿಗಳು ಒತ್ತಿಕೊಂಡು ಕೂತಿದ್ದವು. ನಾವು ಗೂಗಿ ಅಂತೀವಲ್ಲ, ಅದರಲ್ಲೇ ಒಂದು ಜಾತಿ, ಕಣಜ ಗೂಬೆ. ಬಿಳಿಯ ಮುಖ ಹೃದಯದ ಆಕಾರದಲ್ಲಿ ಚಪ್ಪಟೆ. ಕೊಕ್ಕು ಗರಿಯಲ್ಲಿ ಮುಚ್ಚಿಹೋಗಿರುತ್ತದೆ, ಮೂಗಿಲ್ಲದ ಮನುಷ್ಯನ ಮುಖದ ಹಾಗೇ ಕಾಣುತ್ತದೆ. ಇದರ ಮರಿಗಳು ಹಸಿದಾಗ ಉಸಿರು ಎಳೆದೆಳೆದು ಬುಸ್ ಅನ್ನುತ್ತವೆ, ರಾತ್ರಿ ಗಂಟೆಗಟ್ಟಲೆ. ಕಲ್ಲುಗೋಡೆಯ ಆಚೆ ನಿಂತು ಕೇಳಿದರೆ ಥೇಟ್ ಗೊರಕೆ. ರೆಕ್ಕೆಯ ಮುಂದಿನ ಅಂಚಿನಲ್ಲಿ ಬಾಚಣಿಕೆಯಂಥ ಸಣ್ಣ ಹಲ್ಲುಗಳಿರುತ್ತವೆ, ಗರಿಯ ಮೇಲೆ ಮಖಮಲ್ಲಿನಂಥ ನವಿರು. ಅದಕ್ಕೇ ಹಾರುವಾಗ ಸಪ್ಪಳ ಬರುವುದಿಲ್ಲ.

ಕೆಳಗೆ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು ಬಿದ್ದಿದ್ದವು. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ, ಆಮೇಲೆ ಅರಗದ ಎಲುಬು, ಕೂದಲನ್ನು ಉಂಡೆ ಮಾಡಿ ಉಗುಳುತ್ತದೆ. ಒಂದನ್ನು ನೀರಲ್ಲಿ ನೆನೆಸಿ ಬಿಡಿಸಿದೆ. ಒಳಗೆ ಇಲಿಯ ಎರಡು ತಲೆಬುರುಡೆ, ಹಳದಿ ಹಲ್ಲು ಸಮೇತ. ಅದನ್ನು ದೊಡ್ಡವ್ವನ ಅಂಗೈ ಮೇಲಿಟ್ಟೆ. ಬಹಳ ಹೊತ್ತು ನೋಡಿದಳು. 'ಹಂಗಾರ ಮುದುಕ ನಮ್ಮ ಹೊಲಾ ಕಾಯಾಕತ್ತಿದ್ದ' ಅಂದಳು.

ತಂಗಿ, ಅವಳು ಹೇಳಿದ್ದರಲ್ಲಿ ಬಿಳಿ ಮುಖ ನಿಜ, ಗೊರಕೆ ನಿಜ, ಸಪ್ಪಳವಿಲ್ಲದೆ ಹಾರುವುದೂ ನಿಜ. ತಪ್ಪಿದ್ದು 'ಮುದುಕ' ಅನ್ನೋ ಹೆಸರು ಮಾತ್ರ. ನಾನು ಬರೆದ ಗಾಳಿಯ ಮಾತು ಪೂರ್ತಿ ಸುಳ್ಳು. ಅದಕ್ಕೇ ಹೇಳ್ತೀನಿ, ಇಂಥದ್ದನ್ನು ಬರೆಯುವ ಮುಂಚೆ ನೋಟ್‌ಬುಕ್ಕಿನ ಪುಟದ ನಡುವೆ ಒಂದು ಗೆರೆ ಎಳೆ. ಒಂದು ಕಡೆ ಜನ ಕಂಡದ್ದು, ಕೇಳಿದ್ದು. ಇನ್ನೊಂದು ಕಡೆ ಅದಕ್ಕೆ ಅವರಿಟ್ಟ ಹೆಸರು.

ಯೇತಿಯ ವಿಷಯದಲ್ಲೂ ಹೀಗೆ ಮಾಡಿ ನೋಡು. 1951ರಲ್ಲಿ ಬ್ರಿಟಿಷ್ ಪರ್ವತಾರೋಹಿ ಎರಿಕ್ ಶಿಪ್ಟನ್ ಹಿಮದ ಮೇಲಿನ ದೊಡ್ಡ ಹೆಜ್ಜೆಯ ಫೋಟೋ ತೆಗೆದರು. ಹೆಜ್ಜೆ ಇದ್ದದ್ದು ನಿಜ, ಅಲ್ವಾ? ಆದರೆ ಬಿಸಿಲಿಗೆ ಹಿಮ ಕರಗಿದರೆ ಸಣ್ಣ ಹೆಜ್ಜೆಯೂ ಅಗಲವಾಗುತ್ತದೆ. ಕರಡಿಯ ಹಿಂಗಾಲು ಮುಂಗಾಲಿನ ಗುರುತಿನ ಮೇಲೆ ಬಿದ್ದರೆ ಎರಡೂ ಸೇರಿ ಒಂದೇ ಉದ್ದ ಪಾದದ ಹಾಗೆ ಕಾಣುತ್ತದೆ. 2017ರಲ್ಲಿ ಜೀವವಿಜ್ಞಾನಿ ಶಾರ್ಲೆಟ್ ಲಿಂಡ್‌ಕ್ವಿಸ್ಟ್ ಅವರ ತಂಡ ಯೇತಿಯದು ಅಂತ ಇಟ್ಟುಕೊಂಡಿದ್ದ ಎಲುಬು, ಹಲ್ಲು, ಚರ್ಮ, ಕೂದಲಿನಂಥ 9 ಮಾದರಿಗಳ ಡಿಎನ್‌ಎ ನೋಡಿತು. 8 ಕರಡಿಯವು, ಒಂದು ನಾಯಿಯದು. ನೀನು 'ಯೇತಿ ಸುಳ್ಳೆಂದು ವಿಜ್ಞಾನ ಸಾಬೀತು ಮಾಡಿದೆ' ಅಂತ ಬರೆದಿದ್ದೀಯ. ಅದನ್ನು ತೆಗೆದುಬಿಡು. ಆ 9 ಮಾದರಿ ಏನೆಂದು ತಿಳಿಯಿತು, ಅಷ್ಟನ್ನೇ ಬರೆ. ಅಷ್ಟೇ ಸಾಕಷ್ಟು ಗಟ್ಟಿಯಾಗಿದೆ.

ನೆಸ್ ಸರೋವರದ ಕತೆ ಬೇರೆ. ಆ ಪ್ರಾಣಿಯದು ಅಂತ ಹೆಸರಾದ 1934ರ ಫೋಟೋ ಬೇಕಂತಲೇ ಮಾಡಿದ ಮೋಸ. ಆಟಿಕೆಯ ಸಬ್‌ಮರೀನಿಗೆ ಕುತ್ತಿಗೆ, ತಲೆ ಅಂಟಿಸಿ ತೆಗೆದದ್ದು ಅಂತ 1994ರಲ್ಲಿ ಬಯಲಾಯಿತು. ಮೋಸ ಮಾಡಿದವರನ್ನೂ ಏನೋ ಕಂಡು ಬೆಚ್ಚಿದವರನ್ನೂ ನೀನು ಒಂದೇ ಪ್ಯಾರಾದಲ್ಲಿ ಕೂಡಿಸಿದ್ದೀಯ. ಅವರನ್ನು ಬೇರೆ ಮಾಡು.

ಕ್ರಾಕನ್‌ಗೆ ಮಾತ್ರ ಇನ್ನಷ್ಟು ಜಾಗ ಕೊಡು. ನನಗೆ ಬಹಳ ಇಷ್ಟದ್ದು ಅದು. ದೋಣಿಯನ್ನು ತಬ್ಬುವ ಉದ್ದ ಕೈಗಳ ಪ್ರಾಣಿ ಅಂತ ನಾವಿಕರು ಹೇಳಿದರೆ ಜನ ನಕ್ಕರು. ಆ ಕತೆಯ ಹಿಂದೆ ಇದ್ದಿರಬಹುದಾದ ಪ್ರಾಣಿ ದೈತ್ಯ ಸ್ಕ್ವಿಡ್, ಉದ್ದ ಕೈಗಳ ಮೆದು ದೇಹದ ಕಡಲಜೀವಿ. 1857ರಲ್ಲಿ ಡೆನ್ಮಾರ್ಕಿನ ಪ್ರಾಣಿವಿಜ್ಞಾನಿ ಸ್ಟೀನ್‌ಸ್ಟ್ರುಪ್ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು. ಆದರೂ ಅದು ತನ್ನ ಆಳದಲ್ಲಿ ಜೀವಂತ ಇರುವ ಫೋಟೋ ಜಪಾನಿನ ಸಂಶೋಧಕರಾದ ಕುಬೊಡೆರಾ, ಮೋರಿ ಅವರಿಗೆ ಸಿಕ್ಕಿದ್ದು 2004ರಲ್ಲಿ, ಸುಮಾರು 900 ಮೀಟರ್ ಕೆಳಗೆ. ಹಡಗು ಮುಳುಗಿಸುವ ಮಾತು ಕತೆ. ಉದ್ದ ಕೈಗಳು, ಊಟದ ತಟ್ಟೆಯಗಲದ ಕಣ್ಣು ಕತೆಯಲ್ಲ.

ಈಗ ನಿಮ್ಮೂರಿನ ಹುಡೇವಿಗೆ ಬಾ. ಆ ದೆವ್ವ ಯಾವ ತಿಂಗಳಲ್ಲಿ ಕೂಗುತ್ತದೆ, ಯಾವ ಹೊತ್ತಿಗೆ, ಯಾವ ದಿಕ್ಕಿನ ಗೋಡೆಯಿಂದ? ನಿಮ್ಮ ಅಜ್ಜಿಯನ್ನು ಕೇಳು. ಅವರ ಮಾತಿನಲ್ಲೇ ಬರೆದುಕೋ, ತಿದ್ದಬೇಡ. ಅದು ಗೂಬೆಯೇ ಇರಬೇಕು ಅಂತ ನನ್ನ ಪತ್ರ ಓದಿ ತೀರ್ಮಾನ ಮಾಡಬೇಡ. ಬೆಕ್ಕಿರಬಹುದು, ಬಾವಲಿ ಇರಬಹುದು. ಗೂಬೆಯೇ ಆಗಿದ್ದರೆ ಅದನ್ನು ಊರಿಗೆ ತಿಳಿಸುವ ಹೊಣೆ ನಿನ್ನದು. ಅಪಶಕುನ ಅಂತ ಅದಕ್ಕೆ ಕಲ್ಲು ಹೊಡೆಯುವುದನ್ನು, ಪೊಟರೆಗೆ ಮಣ್ಣು ತುಂಬುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಬ್ಬಳೇ ಹೋಗಬೇಡ. ಹಳೆಯ ಕಲ್ಲು ಸಡಿಲಾಗಿರುತ್ತವೆ, ಸಂದಿಯಲ್ಲಿ ಹಾವು ಇರುತ್ತವೆ. ನಾನು ಮಾಡಿದ ಹಾಗೆ ಗೂಡಿನವರೆಗೆ ಹತ್ತಬೇಡ, ಮರಿ ಬೆದರುತ್ತವೆ. ದೂರದ ಕಟ್ಟೆ ಮೇಲೆ ಕೂತರೆ ಸಾಕು, ಟಾರ್ಚ್ ಆರಿಸಿಕೊಂಡು. ಚಳಿ ಜಾಸ್ತಿ ಇದ್ದರೆ ಕೌದಿ ಒಯ್ಯಿ. ಬರೆದದ್ದನ್ನು ಮೊದಲು ಅಜ್ಜಿಗೆ ಓದಿ ಹೇಳು, ಆಮೇಲೆ ನನಗೆ ಕಳಿಸು.

ನಿನ್ನ ಅಣ್ಣ