ಹಾಲಿನ ಪ್ರೋತ್ಸಾಹಧನ ಆಯಾ ತಿಂಗಳೇ ಬರ್ಲಿ

ಸಂಪಾದಕರೇ, ನಮ್ಮ ಕರ್ನಾಟಕದಲ್ಲಿ ಡೇರಿಗೆ ಹಾಲು ಹಾಕೋರಿಗೆ ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಂದ ಶುರುವಾಗಿ ಆಮೇಲೆ 5 ರೂಪಾಯಿವರೆಗೂ ಬಂತು, ಒಳ್ಳೇದೇ, ಆದ್ರೆ ದುಡ್ಡು ತಿಂಗಳುಗಟ್ಟಲೆ ಬಾಕಿ ಉಳಿದ್ರೆ ಏನು ಪ್ರಯೋಜನ. ದಿನಕ್ಕೆ 10 ಲೀಟರ್ ಹಾಕೋ ಮನೆಗೆ ತಿಂಗಳಿಗೆ 1500 ರೂಪಾಯಿ ಬರ್ಬೇಕು, ಹಿಂಡಿ ಬೂಸಾ ಅಂಗಡಿ ಸಾಲ ತೀರ್ಸೋ ದುಡ್ಡು ಅದು, ಲೇಟಾದ್ರೆ ಮೊದ್ಲು ಕಮ್ಮಿ ಆಗೋದು ಹಸುವಿನ ಹಿಂಡಿನೇ, ಆಮೇಲೆ ಹಾಲೂ ಕಮ್ಮಿ, ಹಾಲಿನ ಗಟ್ಟಿತನ ಅಳೆಯೋ ಡಿಗ್ರಿನೂ ಇಳಿಯುತ್ತೆ. ಆಧಾರ್ ಲಿಂಕ್ ಆಗಿಲ್ಲ ಅಂತ ದುಡ್ಡು ನಿಂತಿರೋ ಖಾತೆಗಳ ಪಟ್ಟಿನ ಹಾಲಿನ ಸಂಘದ ನೋಟಿಸ್ ಬೋರ್ಡಲ್ಲೇ ಹಾಕ್ಲಿ, ಎಷ್ಟೋ ಹೆಂಗಸರಿಗೆ ತಮ್ಮ ದುಡ್ಡು ಎಲ್ಲಿ ನಿಂತಿದೆ ಅಂತಾನೇ ಗೊತ್ತಾಗಲ್ಲ. ರೇಟ್ ಜಾಸ್ತಿ ಮಾಡೋ ಘೋಷಣೆ ಆಮೇಲೆ ಮಾಡಿ, ಮೊದ್ಲು ಬಾಕಿ ಕೊಡಿ.

– ಒಬ್ಬ ಹಾಲು ಉತ್ಪಾದಕ