‘ಗಾಳಿಯ ಚಿಂತೆ ಬಿಡಿ’ ಎಂದು ಮಾರಿದ ಬೇಟೆ ಜಾಕೆಟ್ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದವರಿಗೆ

ವಿಷಯ: ಕಾರ್ಬನ್ ಜಾಕೆಟ್, ಪ್ಯಾಂಟಿನ ಹಣ ವಾಪಸ್ ಮತ್ತು ಲೇಬಲ್ ತಿದ್ದುವ ಬಗ್ಗೆ

ನಮಸ್ಕಾರ. ಫೋನಿನಲ್ಲಿ ಸಿಕ್ಕ ನಿಮ್ಮ ಬೆಂಗಳೂರು ಕಚೇರಿಯವರು ಕನ್ನಡದಲ್ಲೇ ಬರೆದು ಕಳಿಸಿ ಅಂದರು. ಅದಕ್ಕೇ ಈ ಪತ್ರ.

ನಾನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 9 ವರ್ಷದಿಂದ ಲೈಸೆನ್ಸ್ ಪಡೆದು ಬಿಲ್ಲಿನಲ್ಲಿ ಜಿಂಕೆ ಬೇಟೆ ಆಡುತ್ತೇನೆ. ನನ್ನ ಬಿಲ್ಲಿಗೆ ಜಿಂಕೆ 25 ಗಜದೊಳಗೆ ಬರಬೇಕು. ಅಷ್ಟು ಹತ್ತಿರದಲ್ಲಿ ನಮ್ಮ ಮೈವಾಸನೆ ಅದಕ್ಕೆ ಸಿಕ್ಕರೆ ಮುಗಿಯಿತು. ಹಾಗಾಗಿ ನನ್ನ ಬೇಟೆ ಬಟ್ಟೆ ಅಡುಗೆಮನೆ ಕಡೆ ಸುಳಿಯುವುದಿಲ್ಲ. ಇಂಗಿನ ಒಗ್ಗರಣೆ ಒಮ್ಮೆ ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಬಿಡಲ್ಲ, ಅಲ್ವಾ? ಪರಿಮಳವಿಲ್ಲದ ಸೋಪಿನಲ್ಲಿ ಒಗೆದು, ಬಯಲಲ್ಲಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ಕಾಡಿಗೆ ಹೋದ ಮೇಲೇ ಹಾಕಿಕೊಳ್ಳುತ್ತೇನೆ.

ವಾಸನೆ ಹೀರಲೆಂದು ಕಾರ್ಬನ್ ಸೇರಿಸಿದ ನಿಮ್ಮ ಜಾಕೆಟ್, ಪ್ಯಾಂಟಿಗೆ 310 ಡಾಲರ್ ಕೊಟ್ಟೆ. ಲೇಬಲ್ ಮೇಲೆ ‘ಮನುಷ್ಯರ ವಾಸನೆ ಪೂರ್ತಿ ಬಂದ್, ಗಾಳಿಯ ಚಿಂತೆ ಬಿಡಿ’ ಎಂದಿತ್ತು.

ನವೆಂಬರ್ ಮೊದಲ ವಾರ ಗಂಡು ಜಿಂಕೆಗಳು ಹೆಣ್ಣಿನ ಹಿಂದೆ ಅಲೆಯುವ ಕಾಲ. ಮೂರು ದಿನ ರಜೆ ಹಾಕಿದ್ದೆ. ಬೆಳಗ್ಗೆ ಮರದ ಮೇಲೆ ಕೂತು, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಲು ಮಿಲ್ಕ್‌ವೀಡ್ ಗಿಡದ ನಾರೊಂದನ್ನು ಗಾಳಿಗೆ ಬಿಟ್ಟೆ. ನಮ್ಮೂರ ಎಕ್ಕದ ಕಾಯಿಯಲ್ಲಿ ಇರುತ್ತದಲ್ಲ, ಅಂಥದೇ ಬಿಳಿ ನಾರು. ಅದು ತೇಲುತ್ತಾ ನೇರವಾಗಿ ಜಿಂಕೆ ಬರುವ ದಾರಿಗೇ ಹೋಯಿತು. ಬೇರೆ ದಿನವಾಗಿದ್ದರೆ ಇಳಿದು ಜಾಗ ಬದಲಿಸುತ್ತಿದ್ದೆ. ಲೇಬಲ್ ನಂಬಿ ಕೂತೆ.

ಹೆಣ್ಣು ಜಿಂಕೆ 30 ಗಜದಲ್ಲಿ ಗಕ್ಕನೆ ನಿಂತಿತು. ಮೂತಿ ಮೇಲೆತ್ತಿತು. ಒದ್ದೆ ಮೂಗಿನ ಹೊಳ್ಳೆ ಅರಳುವುದು ಕಾಣುತ್ತಿತ್ತು. ಮುಂಗಾಲನ್ನು ಎರಡು ಸಲ ನೆಲಕ್ಕೆ ಬಡಿದು, ಬುಸ್ ಎಂದು ಸೀತು, ಬಿಳಿ ಬಾಲ ಎತ್ತಿ ಓಡಿತು. ಹಿಂದೆ ಪೊದೆಯಲ್ಲಿದ್ದ ಗಂಡು ಹೊರಗೆ ಬರಲೇ ಇಲ್ಲ. ಉಳಿದ ಎರಡು ದಿನ ಆ ದಾರಿಯಲ್ಲಿ ಒಂದು ಜಿಂಕೆಯೂ ಬರಲಿಲ್ಲ.

ಕಾರ್ಬನ್ ಸ್ವಲ್ಪ ವಾಸನೆ ಹೀರುತ್ತದೆ, ಒಪ್ಪುತ್ತೇನೆ. ಆದರೆ ಬಾಯಿಂದ ಬರುವ ಉಸಿರನ್ನು ಯಾವ ಜಾಕೆಟ್ ತಡೆಯುತ್ತದೆ? ‘ಡ್ರೈಯರ್‌ನಲ್ಲಿ 40 ನಿಮಿಷ ತಿರುಗಿಸಿದರೆ ಕಾರ್ಬನ್ ಮತ್ತೆ ಹೊಸದು’ ಎಂದೂ ಬರೆದಿದ್ದೀರಿ. ಕಾರ್ಬನ್ನನ್ನು ನಿಜವಾಗಿ ಹೊಸದು ಮಾಡಲು ಕುಲುಮೆಯಲ್ಲಿ 600 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಬೇಕು. ಮನೆಯ ಡ್ರೈಯರ್ 100 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಕುಲುಮೆಯ ಬಿಸಿಗೆ ಬಟ್ಟೆಯೇ ಉಳಿಯುವುದಿಲ್ಲ.

310 ಡಾಲರ್ ವಾಪಸ್ ಕೊಡಿ. ಅದಕ್ಕಿಂತ ಮುಖ್ಯವಾಗಿ, ಆ ಎರಡು ಸಾಲುಗಳನ್ನು ತೆಗೆಯಿರಿ. ನನ್ನ 13 ವರ್ಷದ ಮಗ ಈಗಷ್ಟೇ ಬೇಟೆ ಕಲಿಯುತ್ತಿದ್ದಾನೆ. ಲೇಬಲ್ ಓದಿ, “ಅಪ್ಪಾ, ಹಾಗಾದ್ರೆ ಇನ್ಮೇಲೆ ಗಾಳಿ ನೋಡೋದು ಬೇಡ್ವಾ?” ಎಂದು ಕೇಳಿದ. ಗಾಳಿ ನೋಡುವುದೇ ನಾನು ಅವನಿಗೆ ಕಲಿಸಿದ ಮೊದಲ ಪಾಠ.

ಬಿಲ್ ಮತ್ತು ಲೇಬಲ್‌ನ ಫೋಟೋ ಜೊತೆಗಿವೆ. ಬಟ್ಟೆ ಎಲ್ಲಿಗೆ ಕಳಿಸಬೇಕು ತಿಳಿಸಿ.

ಇಂತಿ,
ನಿಮ್ಮ ಗ್ರಾಹಕ, ವಿಸ್ಕಾನ್ಸಿನ್